ಹವಾನಾದ ರೇಷನ್ ಅಂಗಡಿ: ಅಂಗಡಿಯವರಿಗೆ ಪೂರ್ತಿ ಅಂಕ, ಕಾನೂನಿಗೆ ಸೊನ್ನೆ

ಕ್ಯೂಬಾಕ್ಕೆ ಹೋದವರು ಹಳೇ ಕಾರು ನೋಡಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಸಾಧ್ಯವಾದರೆ ಒಂದು ಬೊದೇಗಾಕ್ಕೂ ಹೋಗಿ ಬನ್ನಿ. ಅದು ಸರ್ಕಾರದ ರೇಷನ್ ಅಂಗಡಿ, ನಮ್ಮ ನ್ಯಾಯಬೆಲೆ ಅಂಗಡಿ ಇದ್ದ ಹಾಗೆ. ರೇಷನ್ ಪುಸ್ತಕ ಇಲ್ಲದ ನಮಗೆ ಅಲ್ಲಿ ಏನೂ ಸಿಗಲ್ಲ. ನಾನು ಉಳಿದುಕೊಂಡಿದ್ದ ಮನೆಯ ಯಜಮಾನಿ ಜೊತೆ ಹೋಗಿದ್ದೆ.

ಉದ್ದದ ಕೌಂಟರು, ಹಿಂದೆ ಸೂರಿನವರೆಗೆ ಮರದ ಕಪಾಟು. ಮುಕ್ಕಾಲು ಖಾಲಿ. ಗೋಡೆಯ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಸಾಮಾನಿನ ಹೆಸರು, ತಲೆಗೆ ಎಷ್ಟು, ರೇಟೆಷ್ಟು ಅಂತ ಬರೆದಿದ್ದರು. ಅಕ್ಕಿ ಹಲಗೆ ಮೇಲಿತ್ತು, ಅಂಗಡಿಯಲ್ಲಿರಲಿಲ್ಲ.

"ಏನಪ್ಪಾ, ಅಕ್ಕಿ ಬಂತಾ?"

"ಇನ್ನೂ ಇಲ್ಲಮ್ಮಾ. ಲಾರಿ ಬಂದರೆ ನಾನೇ ಹೇಳಿ ಕಳಿಸ್ತೀನಿ."

ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಇದನ್ನೇ ಕೇಳಿದರು, ಕೆಲವರು ರೇಗಿದರು, ಅಂಗಡಿಯವ ಎಲ್ಲರಿಗೂ ಸಮಾಧಾನದಿಂದಲೇ ಉತ್ತರ ಕೊಟ್ಟ. ಸಕ್ಕರೆ ತೂಗುವಾಗ ಮುಳ್ಳು ನಿಲ್ಲುವ ತನಕ ಕಾದು, ಆಮೇಲೆ ಪುಸ್ತಕದಲ್ಲಿ ಗುರುತು ಹಾಕಿದ. ಆತ ಸಂಬಳದ ನೌಕರ ಅಷ್ಟೇ. ಏನು ತರಿಸಬೇಕು, ಎಷ್ಟಕ್ಕೆ ಮಾರಬೇಕು ಅನ್ನೋದು ಅವನ ಕೈಯಲ್ಲಿಲ್ಲ. ಬೈಗುಳ ಮಾತ್ರ ಅವನಿಗೇ.

ರೇಷನ್ ಪುಸ್ತಕ ಬಂದಿದ್ದು 1962ರಲ್ಲಿ. ಹಸಿದವರಿಗೂ ಪಾಲು ಸಿಗಲಿ ಅನ್ನೋ ಉದ್ದೇಶ ಒಳ್ಳೆಯದೇ, ಅದನ್ನು ನಾನು ತಳ್ಳಿಹಾಕಲ್ಲ. ಆದರೆ 1968ರ ಮಾರ್ಚ್‌ನಲ್ಲಿ ಕ್ರಾಂತಿ ಮಾಡಿ ಅಧಿಕಾರಕ್ಕೆ ಬಂದಿದ್ದ ಫಿಡೆಲ್ ಕ್ಯಾಸ್ಟ್ರೋ ದಿನಸಿ ಅಂಗಡಿ, ಬಾರು, ರಿಪೇರಿ ಅಂಗಡಿ, ಬೀದಿಬದಿಯ ತಿಂಡಿ ಗಾಡಿ ಅಂತ ಸುಮಾರು 55,000 ಸಣ್ಣ ವ್ಯಾಪಾರಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ತಿಂಡಿ ಗಾಡಿಯಿಂದ ಕ್ರಾಂತಿಗೆ ಏನು ಅಪಾಯವಿತ್ತು? ಗಿರಾಕಿಗೆ ಏನು ಬೇಕು ಅಂತ ನೋಡಿ ಮಾಲು ತರಿಸುತ್ತಿದ್ದ ಜನರನ್ನೇ ತೆಗೆದುಹಾಕಿದರೆ ಕಪಾಟು ತುಂಬಿಸುವವರು ಯಾರು?

2021ರಲ್ಲಿ ಸಣ್ಣ ಖಾಸಗಿ ಕಂಪನಿಗಳಿಗೆ ಮತ್ತೆ ಅನುಮತಿ ಸಿಕ್ಕಿತು. ಈಗ ಮನೆ ಕಿಟಕಿಯಲ್ಲೂ ಎಣ್ಣೆ, ಪಾಸ್ತಾ ಮಾರುತ್ತಾರೆ. ಮಾಲು ಇದೆ, ರೇಟು ಮಾತ್ರ ಸರ್ಕಾರಿ ಸಂಬಳದವರ ಕೈಗೆಟುಕಲ್ಲ. ಅದಕ್ಕೆ 2024ರ ಜುಲೈನಲ್ಲಿ ಕೋಳಿ, ಎಣ್ಣೆ, ಹಾಲಿನ ಪುಡಿ ಸೇರಿ 6 ಸಾಮಾನಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಹೊರಗಿಂದ ಡಾಲರ್ ಕೊಟ್ಟು ತರಿಸಿದ ಮಾಲನ್ನು ನಷ್ಟಕ್ಕೆ ಯಾರು ಮಾರ್ತಾರೆ ಹೇಳಿ? ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಿಟ್ಟಿಲ್ಲ ಅಂತ ರೇಷನ್ ಬ್ರೆಡ್ಡನ್ನು 80 ಗ್ರಾಂನಿಂದ 60 ಗ್ರಾಂಗೆ ಇಳಿಸಿದ್ದೂ ಇದೇ ಸರ್ಕಾರ.

ಹೋಗುವುದಾದರೆ ಸ್ಥಳೀಯರ ಜೊತೆ ಹೋಗಿ. ಕೇಳದೆ ಫೋಟೋ ತೆಗೆಯಬೇಡಿ. ಸಾಲಿಗೆ ಅಡ್ಡ ನಿಲ್ಲಬೇಡಿ, ಅವರು ಊಟದ ಸಾಮಾನಿಗೆ ಕಾಯುತ್ತಿರುತ್ತಾರೆ.