ಎರಡೂವರೆ ವರ್ಷ, ಮೂರು ಸ್ಟುಡಿಯೋ, ಒಂದು ಶೆಲ್ಫು

ಧಾರವಾಡದಿಂದ ಬೆಂಗಳೂರಿಗೆ ಬಂದಿದ್ದು 2022ರ ಜೂನ್‌ನಲ್ಲಿ. ಡಬ್ಬಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ, ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಕುಂಬಾರರು ಬುಟ್ಟಿ ತುಂಬ ಜೋಡೆತ್ತು ಹೊತ್ತು ಓಣಿಗೇ ಬರುತ್ತಾರೆ. ಇಲ್ಲಿ ತರಕಾರಿ ಅಂಗಡಿಯವರನ್ನು ಕೇಳಿದೆ. "ಮಣ್ಣಿನ ಎತ್ತಾ? ಗಣೇಶ ಹಬ್ಬಕ್ಕೆ ಬನ್ನಿ ಮೇಡಂ, ಗಣಪತಿ ಸಿಗುತ್ತೆ" ಅಂದರು. ಫೋನಿನಲ್ಲಿ ಹುಡುಕಿದೆ. ಎತ್ತು ಸಿಗಲಿಲ್ಲ, ಪಾಟರಿ ಕ್ಲಾಸಿನ ಜಾಹೀರಾತು ಸಿಕ್ಕಿತು. ಶುರುವಾಗಿದ್ದು ಹಾಗೆ.

ಅಲ್ಲಿಂದ ಇಲ್ಲಿವರೆಗೆ ಮೂರು ಜಾಗ ನೋಡಿದ್ದೇನೆ. ಹೆಸರು ಹಾಕುವುದಿಲ್ಲ. ಒಂದು ಕಡೆಯಿಂದ ಜಗಳ ಆಡಿಯೇ ಹೊರಗೆ ಬಂದಿದ್ದು, ಹೆಸರು ಹಾಕಿದರೆ ಸೇಡು ತೀರಿಸಿಕೊಂಡ ಹಾಗೆ ಆಗುತ್ತದೆ. ಈ ಊರಲ್ಲಿ ಕ್ಲಾಸುಗಳು ಬೇಕಾದಷ್ಟಿವೆ. ಕ್ಲಾಸ್ ಮುಗಿದ ಮೇಲೆ ಕೂತು ಮಾಡೋಕೆ ಒಂದು ತಿಗರಿ, ಮಾಡಿದ್ದನ್ನು ಒಣಗಿಸೋಕೆ ಒಂದು ಶೆಲ್ಫು, ಸುಡೋಕೆ ಒಂದು ಆವಿಗೆ, ಈ ಮೂರೂ ಒಂದೇ ಕಡೆ ಸಿಗೋದು ಕಷ್ಟ. ಇಷ್ಟು ತಿಳಿಯೋಕೆ ನನಗೆ ಒಂದೂಕಾಲು ವರ್ಷ, ಹತ್ತಿರ ಹತ್ತಿರ 80,000 ರೂಪಾಯಿ ಬೇಕಾಯಿತು.

ಮೊದಲನೆಯದು ವಾರಾಂತ್ಯದ ಕ್ಲಾಸು. ಎರಡು ಗಂಟೆ, 1,800 ರೂಪಾಯಿ. ಹತ್ತು ಜನ, ನಾಲ್ಕು ತಿಗರಿ. ಅಂದರೆ ನನ್ನ ಪಾಲಿಗೆ ಬಂದಿದ್ದು ಮುಕ್ಕಾಲು ಗಂಟೆ. ಅದರಲ್ಲೂ ಹೇಳಿಕೊಡುವ ಹುಡುಗ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಸರಸರ ಒಂದು ಬಟ್ಟಲು ಎತ್ತಿಬಿಟ್ಟ. "ಸೂಪರ್ ಮೇಡಂ, ಫಸ್ಟ್ ಟೈಮಿಗೇ!" ಅಂದ. ಮಾಡಿದ್ದು ಅವನು, ಶಹಭಾಸ್ ನನಗೆ. ಆಮೇಲೆ ಅಲ್ಲೇ ಮೊದಲೇ ಸುಟ್ಟಿಟ್ಟಿದ್ದ ಇನ್ನೊಂದು ಕೆಂಪು ಬಟ್ಟಲಿಗೆ ಅಕ್ರಿಲಿಕ್ ಬಣ್ಣ ಹಚ್ಚಿಸಿದರು. ನಾನು "ಮಾಡಿದ" ಬಟ್ಟಲು ಮೂರು ವಾರದ ಮೇಲೆ ಕೈಗೆ ಬಂತು. ಮನೆಗೆ ತಂದು ಸಂಭ್ರಮದಿಂದ ಮಜ್ಜಿಗೆ ಹಾಕಿಟ್ಟೆ. ಅರ್ಧ ಗಂಟೆ ಬಿಟ್ಟು ಎತ್ತಿದರೆ ಅಡಿಯಲ್ಲಿ ಮೇಜಿನ ಮೇಲೆ ಒದ್ದೆಯ ಉಂಗುರ. ಗ್ಲೇಜ್, ಅಂದರೆ ಸುಟ್ಟಾಗ ಗಾಜಿನ ಹಾಗೆ ಆಗುವ ಲೇಪ, ಇಲ್ಲದ ಕೆಂಪು ಮಣ್ಣು ನೀರು ಹೀರುತ್ತದೆ, ಹೂಜಿಯಲ್ಲಿ ನೀರು ತಣ್ಣಗಾಗೋದೂ ಇದೇ ಕಾರಣಕ್ಕೆ. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಹೊತ್ತಿಗೆ ನನಗೇ ಹೊಳೆಯಲಿಲ್ಲ. ಮಕ್ಕಳ ಜೊತೆ ಒಂದು ಭಾನುವಾರ ಕಳೆಯೋಕೆ ಇಂಥ ಕ್ಲಾಸ್ ಚೆನ್ನಾಗಿರುತ್ತದೆ. ಆದರೆ ಅಕ್ರಿಲಿಕ್ ಹಚ್ಚಿದ ಬಟ್ಟಲಲ್ಲಿ ಊಟ ಮಾಡಬೇಡಿ.

ಎರಡನೆಯದು ನಿಜವಾದ ಸ್ಟುಡಿಯೋ. ಎಂಟು ಕ್ಲಾಸಿಗೆ 9,600. ಇಲ್ಲಿಯ ಕಲಿಕೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ, ಜಗಳ ಏನೇ ಇರಲಿ. ಮೊದಲ ದಿನ ತಿಗರಿ ಮುಟ್ಟಿಸಲೇ ಇಲ್ಲ. ಮಣ್ಣು ನಾದುವುದು ಅಷ್ಟೇ. ಚಪಾತಿ ಹಿಟ್ಟು ನಾದಿದ ಕೈ, ಇದೇನು ಮಹಾ ಅಂದುಕೊಂಡೆ. ಹಿಟ್ಟು ನಾದುವಾಗ ಒಳಗೆ ಗಾಳಿ ಮಡಚಿಕೊಳ್ಳುತ್ತದೆ, ಇಲ್ಲಿ ಗಾಳಿ ಹೊರಗೆ ಹೋಗಬೇಕು. ನನ್ನ ಉಂಡೆಯನ್ನು ತಂತಿಯಿಂದ ಕೊಯ್ದು ತೋರಿಸಿದರು, ಒಳಗೆ ಇಡ್ಲಿಯ ಹಾಗೆ ತೂತು ತೂತು.

ಎರಡನೇ ಕ್ಲಾಸಿನಿಂದ ನಾಲ್ಕನೇದರವರೆಗೂ ಮಣ್ಣು ನಡುವಿಗೆ ಬರಲೇ ಇಲ್ಲ. ತಿರುಗುವ ಮಣ್ಣು ಅಲುಗಾಡದೆ ನಿಂತ ಹಾಗೆ ಕಾಣಬೇಕು, ಅದಾಗದೆ ಮುಂದಿನದು ಏನೂ ಆಗುವುದಿಲ್ಲ. ನಾನು ಕೈಯಿಂದ ಒತ್ತುತ್ತಿದ್ದೆ, ಮಣ್ಣು ನನ್ನ ಕೈಯನ್ನೇ ಕುಣಿಸುತ್ತಿತ್ತು. ಮೇಡಂ ಬಂದು ನನ್ನ ಎಡ ಮೊಣಕೈಯನ್ನು ತೊಡೆಗೆ ಒತ್ತಿ ಇಟ್ಟರು. "ಕೈ ಬಿಟ್ಹಾಕಿ, ಮೈಯಿಂದ ಒರಗಿ" ಅಂದರು. ಒರಗಿದೆ. ಒಂದು ಕ್ಷಣ ಅಂಗೈ ಕೆಳಗೆ ಏನೂ ಅಲುಗಾಡಲಿಲ್ಲ. ಸುಮ್ನೆ ನುಣ್ಣಗೆ ಜಾರುತ್ತಿತ್ತು. ಮಾತು ಬರಲಿಲ್ಲ ನನಗೆ. ಬೆರಳು ತೆಗೆಯುವಾಗ ಅವಸರ ಮಾಡಿದೆ, ಮತ್ತೆ ಓಲಾಡಿತು, ಅದು ಬೇರೆ ಮಾತು.

ಕೋರ್ಸ್ ಮುಗಿದ ಮೇಲೆ ಅಲ್ಲೇ ಮೆಂಬರ್ ಆದೆ. ತಿಂಗಳಿಗೆ 5,500. ಮಣ್ಣು ಬೇರೆ, ಸುಡುವ ಖರ್ಚು ಬೇರೆ, ತೂಕದ ಲೆಕ್ಕ. ಎರಡು ಅಡಿ ಉದ್ದದ ಶೆಲ್ಫು ನನ್ನದು. ನಾನು ತಪ್ಪಿದ್ದು ಇಲ್ಲಿ. ಎಷ್ಟು ತಿಗರಿ, ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತೆ, ಪಾರ್ಕಿಂಗ್ ಇದೆಯಾ, ಎಲ್ಲ ಕೇಳಿದ್ದೆ. ಆವಿಗೆ ಯಾವ ದಿನ ಹಾಕುತ್ತೀರಿ ಅಂತ ಮಾತ್ರ ಕೇಳಲಿಲ್ಲ. ಅಲ್ಲಿ ಅದಕ್ಕೆ ದಿನವೇ ಇರಲಿಲ್ಲ. "ತುಂಬಿದಾಗ" ಅನ್ನುತ್ತಿದ್ದರು.

ಇದು ಯಾಕೆ ಮುಖ್ಯ ಅಂದರೆ, ಒಂದು ಪಾತ್ರೆ ಎರಡು ಸಲ ಬೇಯಬೇಕು. ಮೊದಲು ಗ್ಲೇಜ್ ಇಲ್ಲದೆ 950ರಿಂದ 1,000 ಡಿಗ್ರಿಗೆ. ಆಮೇಲೆ ಗ್ಲೇಜ್ ಹಚ್ಚಿ ಮತ್ತೆ, ನಮ್ಮ ಸ್ಟೋನ್‌ವೇರ್ ಮಣ್ಣಿಗೆ, ಅಂದರೆ ಜಾಸ್ತಿ ಬಿಸಿಯಲ್ಲಿ ಬೆಂದು ಕಲ್ಲಿನ ಹಾಗೆ ಗಟ್ಟಿಯಾಗುವ ಮಣ್ಣಿಗೆ, ಸುಮಾರು 1,220ಕ್ಕೆ. ಏರೋಕೆ ಎಂಟು ಹತ್ತು ಗಂಟೆ, ಆರೋಕೆ ಪೂರ್ತಿ ಒಂದು ದಿನ. ಗ್ಲೇಜಿನ ಬಣ್ಣ ಏನಾಯಿತು, ಅಡಿ ಸೀಳಿತಾ, ಹಿಡಿ ನಿಂತಿತಾ, ಇದೆಲ್ಲ ಗೊತ್ತಾಗೋದು ಎರಡನೇ ಸಲ ತೆರೆದಾಗ. ಎರಡು ತಿಂಗಳ ಮೇಲೆ ಗೊತ್ತಾದರೆ, ಆ ಹೊತ್ತಿಗೆ ಅದೇ ತಪ್ಪನ್ನು ಇನ್ನು ಮೂವತ್ತು ಬಟ್ಟಲಲ್ಲಿ ಮಾಡಿರುತ್ತೀರಿ.

2023ರ ಮಳೆಗಾಲದಲ್ಲಿ ಅಕ್ಕನ ಗೃಹಪ್ರವೇಶಕ್ಕೆ ಹನ್ನೆರಡು ಕಪ್ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಜೂನ್‌ನಲ್ಲೇ ಶುರು ಮಾಡಿದೆ. ಮಾರ್ಚ್‌ನಲ್ಲಾದರೆ ಎರಡೇ ದಿನಕ್ಕೆ ಒಣಗಿ, ಹಿಡಿ ಅಂಟಿಸಿದ ಜಾಗದಲ್ಲಿ ಬಿರುಕು ಬಿಡುತ್ತದೆ. ಮಳೆಯಲ್ಲಿ ಉಲ್ಟಾ, ಹತ್ತು ದಿನವಾದರೂ ಕೆನ್ನೆಗೆ ಹಿಡಿದರೆ ತಣ್ಣಗೆ. ತಣ್ಣಗಿದ್ದರೆ ಒಳಗೆ ನೀರಿದೆ ಅಂತಲೇ ಅರ್ಥ. ಮಳೆ ಅಂತ ಜನರೂ ಕಮ್ಮಿ ಬಂದರು, ಆವಿಗೆ ತುಂಬಲಿಲ್ಲ, ಐದು ವಾರ ಹಾಕಲಿಲ್ಲ. ಆ ವರ್ಷ ಅಧಿಕ ಶ್ರಾವಣ ಬಂದು ಗೃಹಪ್ರವೇಶವೇ ಒಂದು ತಿಂಗಳು ಮುಂದಕ್ಕೆ ಹೋಯಿತು. ಪಂಚಾಂಗವೇ ನನಗೋಸ್ಕರ ಕಾದಿತ್ತು ಅನ್ನಿ. ಆದರೂ ಕಪ್ ಸಿಗಲಿಲ್ಲ! ಅಕ್ಕ ಸ್ಟೀಲ್ ಲೋಟದಲ್ಲೇ ಚಹಾ ಕೊಟ್ಟು, ಬಂದವರಿಗೆಲ್ಲ "ತಂಗಿ ಕಪ್ ಮಾಡಾಕತ್ತಾಳ, ಮುಂದಿನ ಮನಿಗೆ ಬರ್ತಾವು" ಅಂತ ಹೇಳಿದಳು.

ಕಡೆಗೂ ಮೊದಲ ಸುಡುವಿಕೆಗೆ ಹೋದಾಗ ಯಾರದೋ ಗಟ್ಟಿ ಗಣಪತಿ ಒಳಗೆ ಸಿಡಿಯಿತು. ಚೂರು ಹಾರಿ ನನ್ನ ನಾಲ್ಕು ಕಪ್ ಹೋದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. "ಗಾಳಿ ಗುಳ್ಳೆ ಇತ್ತು, ಅದಕ್ಕೆ" ಅಂದರು. ಗಾಳಿ ಅಲ್ಲ, ನೀರು. ದಪ್ಪ ಮಣ್ಣಿನ ನಡುವೆ ಉಳಿದ ಪಸೆ ಹಬೆಯಾಗಿ, ಹೊರಬರಲು ದಾರಿಯಿಲ್ಲದೆ ಒಡೆದುಕೊಂಡು ಬರುತ್ತದೆ. ಪೂರ್ತಿ ಒಣಗಿದ ಮಣ್ಣಿನಲ್ಲಿ ಗುಳ್ಳೆ ಇದ್ದರೂ ಸಿಡಿಯುವುದಿಲ್ಲ. ಒಣಗಿದೆಯಾ ಅಂತ ನೋಡಿ ಒಳಗಿಡುವುದು ಸ್ಟುಡಿಯೋದವರ ಕೆಲಸ, ಸುಡುವ ದುಡ್ಡು ತೆಗೆದುಕೊಳ್ಳುವುದು ಅದಕ್ಕೇ ಅಲ್ವಾ? ನಾನು ಸಹಿ ಹಾಕಿದ್ದ ಫಾರಂ ತೆಗೆದು ತೋರಿಸಿದರು. ಒಡೆದರೆ ಜವಾಬ್ದಾರಿ ನಮ್ಮದಲ್ಲ ಅಂತ ಅದರಲ್ಲಿತ್ತು. ಓದದೆ ಸಹಿ ಹಾಕಿದ್ದೆ.

ಉಳಿದ ಎಂಟರಲ್ಲಿ ಎರಡು ಗ್ಲೇಜ್ ಇಳಿದು ಆವಿಗೆಯೊಳಗೆ ಪಾತ್ರೆ ಇಡುವ ತಟ್ಟೆಗೆ ಕಚ್ಚಿಕೊಂಡವು. ಅದು ನನ್ನದೇ ತಪ್ಪು, ಬುಡದವರೆಗೆ ದಪ್ಪ ಹಚ್ಚಿದ್ದೆ. ತಟ್ಟೆ ಹಾಳಾದ್ದಕ್ಕೆ 1,200 ಕಟ್ಟಿಸಿಕೊಂಡರು, ಕಟ್ಟಿದೆ. ಜಗಳ ಆಡಿದ್ದು ನಾಲ್ಕು ಕಪ್‌ಗೆ ಮಾತ್ರ.

ನಡುವೆ ಆನ್‌ಲೈನಿನಲ್ಲಿ ಒಂದು ಪುಟ್ಟ ಮೇಜಿನ ತಿಗರಿ ತರಿಸಿ ಮನೆಯಲ್ಲೇ ಮಾಡೋಣ ಅಂತಲೂ ನೋಡಿದೆ. ಅರ್ಧ ಕೆಜಿ ಮಣ್ಣಿಗಿಂತ ಜಾಸ್ತಿ ಇಟ್ಟು ಒತ್ತಿದರೆ ನಿಂತೇಬಿಡುತ್ತಿತ್ತು. ಕೈ ತೊಳೆದ ನೀರು ಬಚ್ಚಲಿಗೆ ಬಿಟ್ಟು ಪೈಪ್ ಕಟ್ಟಿ, ಕೆಳಗಿನ ಮನೆಯವರು ಮೇಲೆ ಬಂದರು. ಮಣ್ಣಿನ ನೀರನ್ನು ಬಕೆಟ್‌ನಲ್ಲಿ ರಾತ್ರಿ ಬಿಟ್ಟು, ಮೇಲಿನ ತಿಳಿ ಮಾತ್ರ ಚೆಲ್ಲಬೇಕು. ತಿಗರಿ ಈಗ ಮಂಚದ ಕೆಳಗಿದೆ.

ಜಗಳದ ಮಾರನೇ ವಾರ ಪಾಟರಿ ಟೌನ್‌ಗೆ ಹೋದೆ. ಹೋಗಬೇಕು ಅಂತ ಒಂದು ವರ್ಷದಿಂದ ಇತ್ತು. ಬೆನ್ಸನ್ ಟೌನ್ ಪಕ್ಕ, ಕಂಟೋನ್ಮೆಂಟ್ ಸ್ಟೇಷನ್ನಿಂದ ದೂರವಿಲ್ಲ. ತಲೆಮಾರುಗಳಿಂದ ಕುಂಬಾರ ಕುಟುಂಬಗಳು ಇರುವ ಜಾಗ, ಮನೆಯಲ್ಲಿ ತಮಿಳು, ಗಿರಾಕಿಗಳ ಜೊತೆ ಕನ್ನಡ. ಅದರ ಹೆಸರಲ್ಲೇ ಮೆಟ್ರೋ ಸ್ಟೇಷನ್ನೂ ಬರುತ್ತಿದೆ. ಮನೆ ಮುಂದೆ ಹಣತೆ ಒಣಗಿಸುತ್ತಿದ್ದ ಒಬ್ಬ ಅಜ್ಜ ನನ್ನ ಬ್ಯಾಗು ನೋಡಿ, "ಏನಮ್ಮಾ, ಕಲಿಯೋಕೆ ಬಂದ್ಯಾ, ಫೋಟೋ ತೆಗೆಯೋಕೆ ಬಂದ್ಯಾ?" ಅಂದರು. ಶೆಲ್ಫು ಬಾಡಿಗೆಗೆ ಸಿಗುತ್ತಾ ಅಂದೆ. ನಕ್ಕರು. "ನನ್ನ ಹಣತೆಗೇ ಜಾಗ ಇಲ್ಲ, ರೋಡಲ್ಲಿ ಇಟ್ಟಿದ್ದೀನಿ." ನನ್ನ ಸ್ಟೋನ್‌ವೇರ್ ಬಟ್ಟಲನ್ನು ಬೆರಳಿಂದ ತಟ್ಟಿ, ಅದರ ಗಂಟೆಯಂಥ ಸದ್ದು ಕೇಳಿ, ಇದು ಬೇರೆ ಮಣ್ಣು, ಬೇರೆ ಬೆಂಕಿ ಅಂದರು. ನಿಜ. ಅವರ ಕೆಂಪು ಮಣ್ಣನ್ನು ನಮ್ಮ 1,220ಕ್ಕೆ ಇಟ್ಟರೆ ಕರಗಿ ಕುಸಿಯುತ್ತದೆ. ಹೊರಗಿನ ಮಣ್ಣು ತರಬೇಡಿ ಅಂತ ಸ್ಟುಡಿಯೋಗಳು ಹೇಳೋದು ಬರೀ ತಮ್ಮ ಮಣ್ಣು ಮಾರೋಕೆ ಅಂದುಕೊಂಡಿದ್ದೆ. ಅರ್ಧ ಮಾತ್ರ ಸರಿ. ಅಜ್ಜ ಕೈ ಹಚ್ಚಿದರೆ ನನ್ನ ನಾಲ್ಕು ತಿಂಗಳ ಕೆಲಸ ಹತ್ತು ನಿಮಿಷದ್ದು. ಒಂದೇ ಉಂಡೆಯಿಂದ ಒಂದರ ಮೇಲೊಂದು ಹಣತೆ ಎತ್ತಿ ದಾರದಿಂದ ಕತ್ತರಿಸಿ ಇಡುತ್ತಿದ್ದರು, ನೋಡುತ್ತಾ ಕೂತು ಆಫೀಸಿನ ಮೀಟಿಂಗ್ ಮರೆತೆ.

ಮೂರನೆಯ ಜಾಗ ಸಿಕ್ಕಿದ್ದು ಬಾಯಿಮಾತಿನಿಂದ, 2023ರ ನವೆಂಬರ್‌ನಲ್ಲಿ. ಮನೆಯ ಹಿಂದಿನ ಶೆಡ್ಡು, ಆರೇ ಜನ ಮೆಂಬರ್. ನಡೆಸುವವರು ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಶುರು ಮಾಡಿದ ಜಾಗ ಅದು. ನಮ್ಮ ದೇಶದಲ್ಲಿ ಸ್ಟೋನ್‌ವೇರ್ ಮಾಡುವ ಎಷ್ಟೋ ಜನ ಅಲ್ಲಿಂದ ಬಂದವರು. ಇಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಆವಿಗೆಯದ್ದೇ. "ಹದಿನೈದು ದಿನಕ್ಕೊಮ್ಮೆ ಗುರುವಾರ, ತುಂಬಿರಲಿ ಬಿಡಲಿ" ಅಂದರು. ಅದಕ್ಕೇ ತಿಂಗಳಿಗೆ 7,000. ಜಾಸ್ತಿಯೇ, ಆದರೆ ಒಂದು ವರ್ಷದಲ್ಲಿ ನಾನು ಕಲಿತದ್ದು ಹಿಂದಿನ ವರ್ಷದ ಮೂರು ಪಟ್ಟು.

ಇಲ್ಲಿ ಒಣ ಪೊರಕೆ ಹಿಡಿಯುವ ಹಾಗಿಲ್ಲ. ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ಹೋದರೆ ವಾಪಸ್ ಬರುವುದಿಲ್ಲ, ಅದಕ್ಕೆ ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ನೀವು ಯಾವ ಸ್ಟುಡಿಯೋ ನೋಡಲು ಹೋದರೂ ಸಂಜೆ ಮುಚ್ಚುವ ಹೊತ್ತಿಗೆ ಹೋಗಿ, ಹೇಗೆ ಗುಡಿಸುತ್ತಾರೆ ನೋಡಿ. ಫೋಟೋಗಿಂತ ಅದು ಜಾಸ್ತಿ ಹೇಳುತ್ತದೆ.

ಕೊರತೆಗಳೂ ಇವೆ. ನನ್ನ ಮನೆಯಿಂದ 17 ಕಿಲೋಮೀಟರ್, ಶನಿವಾರ ಹೋಗಿ ಬರೋಕೇ ಎರಡೂವರೆ ಗಂಟೆ. ನಾಲ್ಕೇ ಗ್ಲೇಜ್, ಅದರಲ್ಲಿ ಒಂದು ಸದಾ ಖಾಲಿ. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ನಾವೇ ಬೇಯುತ್ತೇವೆ. ಆವಿಗೆಯ ದಿನ ಕರೆಂಟ್ ಹೋದರೆ ಎಲ್ಲರಿಗೂ ತಳಮಳ. ಮೇಡಂ ಹೊಗಳುವುದಿಲ್ಲ, ಚೆನ್ನಾಗಿದೆ ಅನಿಸಿದ ಬಟ್ಟಲನ್ನು ಎದುರಿಗೇ ಎರಡು ಹೋಳು ಮಾಡಿ ಗೋಡೆಯ ದಪ್ಪ ತೋರಿಸುತ್ತಾರೆ. ಕೆಲವರಿಗೆ ಇದು ಆಗಿಬರುವುದಿಲ್ಲ, ಒಬ್ಬರು ಅಳುತ್ತಲೇ ಬಿಟ್ಟು ಹೋದರು.

ಇನ್ನೊಂದು, ನನ್ನ ಮೇಲೇ ಸಿಟ್ಟು ಬರೋ ವಿಷಯ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರ ಇದೆ. ಧಾರವಾಡದಿಂದ ಬಸ್ಸಲ್ಲಿ ಹೋಗಿ ಬರುವಷ್ಟು ದೂರ. ಊರಲ್ಲಿದ್ದ ಅಷ್ಟೂ ವರ್ಷ ಆ ರಸ್ತೆಯಲ್ಲಿ ಗೋವಾಕ್ಕೆ ಹೋಗಿದ್ದೇನೆ, ಒಮ್ಮೆಯೂ ಇಳಿದಿಲ್ಲ.

ಅಂಕ ಕೊಡಲೇಬೇಕು ಅಂದರೆ ಮೊದಲನೆಯದಕ್ಕೆ ಐದಕ್ಕೆ ಎರಡು. ಎರಡನೆಯದಕ್ಕೆ ಕೋರ್ಸಿಗಾದರೆ ಐದು, ಮೆಂಬರ್‌ಶಿಪ್ಪಿಗಾದರೆ ಒಂದೂವರೆ. ಈಗಿನದಕ್ಕೆ ನಾಲ್ಕು. ಅಕ್ಕನಿಗೆ ಹನ್ನೆರಡು ಕಪ್ ಹೊಸದಾಗಿ ಮಾಡಿದ್ದೇನೆ, ಮಣ್ಣು ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಿ ಈ ಸಲ ದೊಡ್ಡದಾಗಿಯೇ. ಹತ್ತು ಶೆಲ್ಫಿನಲ್ಲಿ ಕೂತಿವೆ. ಎರಡು ಇನ್ನೂ ಕೆನ್ನೆಗೆ ತಣ್ಣಗಿವೆ, ಅವು ಈ ಗುರುವಾರಕ್ಕಲ್ಲ.