ಖೂ ಕಾಂಗ್ಸಿಯೋ, ಚಿಯಾ ಕಾಂಗ್ಸಿಯೋ? ಪೆನಾಂಗ್‌ನಲ್ಲಿ ಅರ್ಧ ದಿನವಷ್ಟೇ ಇರುವವರಿಗೆ

ಮಲೇಷ್ಯಾದ ಪೆನಾಂಗ್ ದ್ವೀಪದ ಊರು ಜಾರ್ಜ್ ಟೌನ್‌ನ ಈ ಎರಡೂ ಕಾಂಗ್ಸಿಗಳು ಚೀನಾದ ಫುಜಿಯಾನ್‌ ಕಡೆಯಿಂದ ಬಂದ ಹೊಕ್ಕಿಯೆನ್ ಚೀನೀಯರ ಕುಲದ ಮನೆಗಳು. ಒಂದೇ ಅಡ್ಡಹೆಸರಿನವರು ಸೇರಿ ಕಟ್ಟಿಕೊಂಡದ್ದು. ಹಿರಿಯರ ಹೆಸರು ಬರೆದ ಫಲಕಗಳಿಗೆ ಪೂಜೆ, ಕುಲದೇವರು, ಕುಲದ ಆಸ್ತಿಯ ಲೆಕ್ಕಾಚಾರ ಎಲ್ಲ ಒಂದೇ ಸೂರಿನಡಿ. ದಕ್ಷಿಣ ಕನ್ನಡದವರು ತರವಾಡು ಮನೆಯನ್ನು ನೆನೆಸಿಕೊಂಡರೆ ಅರ್ಧ ಅರ್ಥವಾದಂತೆ.

ಎರಡಕ್ಕೂ ಟಿಕೆಟ್ ಇದೆ. ಒಂದನ್ನೇ ನೋಡುವುದಾದರೆ ನನ್ನ ಓಟು ಖೂಗೆ. ಮಾಡಿನ ನೆತ್ತಿಯ ಮೇಲಿನ ಡ್ರ್ಯಾಗನ್‌ಗಳನ್ನು ಹತ್ತಿರದಿಂದ ನೋಡಿ: ಬಣ್ಣದ ಪಿಂಗಾಣಿ ಬಟ್ಟಲುಗಳನ್ನು ಕತ್ತರಿಸಿ, ಚೂರು ಚೂರೇ ಅಂಟಿಸಿ ಮೈಮೇಲೆ ಹುರುಪೆ ಮೂಡಿಸಿದ್ದಾರೆ. ಎದುರಿಗೆ ನಾಟಕದ ರಂಗಸ್ಥಳ, ಅದರ ಮುಖವೂ ಗುಡಿಯ ಕಡೆಗೇ. ಮೊದಲ ಪ್ರೇಕ್ಷಕ ದೇವರು ತಾನೇ! ಕಲ್ಲಲ್ಲಿ ಕಡೆದ ಸಿಖ್ ಕಾವಲುಗಾರರೂ ಇದ್ದಾರೆ. ಒಳಗೆ ಗೋಡೆ ತುಂಬ ಕುಲದ ಮಕ್ಕಳು ಓದಿ ಗಳಿಸಿದ ಪದವಿಗಳ ಫಲಕಗಳು. ಮೊದಲಿನ ಕಟ್ಟಡ 1901ರಲ್ಲಿ ಬೆಂಕಿಗೆ ಹೋಯಿತು. ಚೀನಾ ಚಕ್ರವರ್ತಿಯ ಅರಮನೆಗೆ ಸಾಟಿಯಾಗುವಂತೆ ಕಟ್ಟಿದ್ದು ದೇವರಿಗೇ ಸೈರಿಸಲಿಲ್ಲ ಎಂದು ಜನ ಆಡಿಕೊಂಡರಂತೆ. ಈಗಿರುವುದು 1906ರದ್ದು, ಸ್ವಲ್ಪ ತಗ್ಗಿಸಿ ಕಟ್ಟಿದ್ದು. ತಗ್ಗಿಸಿದ್ದೇ ಇಷ್ಟು ಎಂದರೆ!

ಚಿಯಾ ಇದಕ್ಕಿಂತ ಹಳೆಯದು, ಕಟ್ಟಿ ಮುಗಿದದ್ದು 1873ರಲ್ಲಿ. ಇಕ್ಕಟ್ಟಾದ ದಾರಿ ದಾಟಿದರೆ ಹುಲ್ಲುಹಾಸು, ಅದರಾಚೆ ಮನೆ. ಚೀನೀ ಮಾಡಿನ ಕೆಳಗೆ ಮಲಯ ಶೈಲಿಯೂ ಯುರೋಪಿನ ಶೈಲಿಯೂ ಬೆರೆತಿವೆ. ನಾನು ಹೋದಾಗ ಜನವೇ ಇರಲಿಲ್ಲ, ಜಗಲಿಯಲ್ಲಿ ಕೂತು ಉಸಿರಾಡಿದೆ. ಈ ಮನೆಗಳು ಅಂಗಡಿಸಾಲಿನ ಹಿಂದೆ ಯಾಕೆ ಅವಿತಿವೆ ಎಂಬುದು ತಲೆಗೆ ಹೋದದ್ದೂ ಇಲ್ಲೇ. ಆ ಕಾಲದಲ್ಲಿ ಚೀನೀ ಗುಂಪುಗಳ ನಡುವೆ ಬಡಿದಾಟ. 1867ರಲ್ಲಿ ಊರಲ್ಲಿ ದೊಡ್ಡ ಗಲಭೆಯೇ ಆಯಿತು. ಸುತ್ತ ತಮ್ಮವರದೇ ಮನೆಗಳು, ಒಳಬರಲು ಕಿರಿದಾದ ದಾರಿ ಇದ್ದರೆ ಕಾಯುವುದು ಸುಲಭ. ಖೂನಲ್ಲಿ ಕೆತ್ತನೆ ನೋಡುತ್ತ ಇದನ್ನು ಗಮನಿಸುವ ವ್ಯವಧಾನವೇ ಇರುವುದಿಲ್ಲ. ಎರಡಕ್ಕೂ ಹೋಗುವವರು ಚಿಯಾ ಮೊದಲು ನೋಡಿ. ಖೂ ನೋಡಿದ ಕಣ್ಣಿಗೆ ಅದು ಸಪ್ಪೆ.

ಕೆಕ್ ಲೊಕ್ ಸಿ ಎಂಬ ದೊಡ್ಡ ಬೌದ್ಧ ಗುಡಿ ಊರಾಚೆ, ಆಯರ್ ಇತಾಮ್‌ನಲ್ಲಿ. ಬುಡ ಚೀನೀ, ನಡು ಥಾಯ್, ತುದಿ ಬರ್ಮೀ ಇರುವ ಅದರ ಪಗೋಡ ಸೊಗಸು. ಆದರೆ ಮೆಟ್ಟಿಲು, ಅಂಗಡಿ, ಬಿಸಿಲು ಎಲ್ಲ ಸೇರಿ ಅರ್ಧ ದಿನ ಅದಕ್ಕೇ ಬೇಕು.

ಟಿಕೆಟ್ಟೇ ಬೇಡ ಎನ್ನುವವರಿಗೆ ಹಳೇ ಪಿಟ್ ಸ್ಟ್ರೀಟ್‌ನ ಕ್ವಾನ್ ಯಿನ್ ಗುಡಿ. ಕ್ವಾನ್ ಯಿನ್ ಎಂದರೆ ನಮ್ಮ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನೇ ಚೀನಾದಲ್ಲಿ ಹೆಣ್ಣಾದ ರೂಪ. ಕದ್ರಿಯ ಲೋಕೇಶ್ವರನಿಗೆ ಬಂಧು ಎನ್ನಬಹುದು. ಇಲ್ಲಿ ನೋಡಲು ಬಂದವರಿಗಿಂತ ಬೇಡಲು ಬಂದವರೇ ಹೆಚ್ಚು. ಊದುಬತ್ತಿಯ ಹೊಗೆಗೆ ಕಣ್ಣುರಿ ಗ್ಯಾರಂಟಿ, ಆಸ್ತಮಾ ಇರುವವರು ಹೊರಗೇ ನಿಂತು ಕೈಮುಗಿಯುವುದು ಒಳ್ಳೆಯದು.