ಆಂಟ್‌ಕಾಂಕ್ 4: ಕನ್ನಡ ಪಠ್ಯ ಕೊಟ್ಟರೆ ಏನಾಗುತ್ತದೆ?

ಪದವೊಂದು ನಿಜವಾದ ಬರಹದಲ್ಲಿ ಯಾವ ಪದಗಳ ನೆರೆಯಲ್ಲಿ, ಎಷ್ಟು ಸಲ, ಯಾವ ರೂಪದಲ್ಲಿ ಬರುತ್ತದೆ ಎಂದು ನೋಡಲು ಭಾಷಾ ಅಧ್ಯಾಪಕರೂ ಸಂಶೋಧಕರೂ ಹೆಚ್ಚಾಗಿ ಹಿಡಿಯುವ ಉಪಕರಣ ಆಂಟ್‌ಕಾಂಕ್. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಥನಿ ಇದನ್ನು 2002ರಿಂದ ಬೆಳೆಸುತ್ತಾ ಬಂದಿದ್ದಾರೆ. ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪಠ್ಯ ನಮ್ಮ ಕಂಪ್ಯೂಟರಿನಲ್ಲೇ ಉಳಿಯುವುದರಿಂದ ವಿದ್ಯಾರ್ಥಿಗಳ ಪ್ರಬಂಧ, ಸಂದರ್ಶನದ ಬರಹರೂಪದಂಥ ಹೊರಗೆ ಹೋಗಬಾರದ ಸಾಮಗ್ರಿಗೂ ಇದನ್ನು ಬಳಸಬಹುದು.

ಒಳ್ಳೆಯ ಉಪಕರಣ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಕನ್ನಡ ಕಡತಗಳನ್ನು ಹಾಕಿ ಯಾವ ಸೆಟ್ಟಿಂಗನ್ನೂ ಮುಟ್ಟದೆ ಗುಂಡಿ ಒತ್ತಿದರೆ ಅದು ಕೊಡುವ ಅಂಕಿಗಳೆಲ್ಲ ತಪ್ಪು. ತಪ್ಪಾಗಿದೆ ಎಂಬ ಒಂದೇ ಒಂದು ಸೂಚನೆಯೂ ತೆರೆಯ ಮೇಲೆ ಬರುವುದಿಲ್ಲ. ಈ ವಿಮರ್ಶೆಯ ಬಹುಪಾಲು ಅದರ ಬಗ್ಗೆಯೇ.

ಕಾರಣ ಯೂನಿಕೋಡಿನಲ್ಲಿದೆ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತಸಂಖ್ಯೆ ಕೊಡುವ ವ್ಯವಸ್ಥೆಯಲ್ಲಿ. ಅದರ ಲೆಕ್ಕದಲ್ಲಿ ಕ, ತ, ಅ, ಇ ಮುಂತಾದವು ‘ಲೆಟರ್’ ವರ್ಗ; ಗುಣಿತದ ಚಿಹ್ನೆಗಳು, ಹಲಂತ, ಅನುಸ್ವಾರ, ವಿಸರ್ಗ ಎಲ್ಲವೂ ‘ಮಾರ್ಕ್’ ವರ್ಗ. ಪದ ಎಂದರೆ ಲೆಟರ್‌ಗಳ ಸಾಲು ಎಂಬುದು ಆಂಟ್‌ಕಾಂಕ್‌ನ ಮೂಲ ನಂಬಿಕೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಪ್ರತಿ ಗುಣಿತ, ಪ್ರತಿ ಒತ್ತಿನ ಜಾಗದಲ್ಲೂ ಪದ ಕತ್ತರಿಸಿಹೋಗುತ್ತದೆ. ‘ಕನ್ನಡ’ ಎಂಬುದು ‘ಕನ’ ಮತ್ತು ‘ನಡ’ ಆಗುತ್ತದೆ. ‘ಪುಸ್ತಕ’ ಎಂಬುದು ‘ಪ’, ‘ಸ’, ‘ತಕ’. ಪದಪಟ್ಟಿಯ ಮೇಲ್ತುದಿಯಲ್ಲಿ ಒಂಟಿ ವ್ಯಂಜನಗಳು ಸಾಲಾಗಿ ನಿಂತಿದ್ದರೆ ಆಗಿರುವುದು ಇದೇ.

ಸರಿಪಡಿಸುವ ಜಾಗ ಕಾರ್ಪಸ್ ಮ್ಯಾನೇಜರ್ (ಕಾರ್ಪಸ್ ಎಂದರೆ ಅಧ್ಯಯನಕ್ಕೆಂದು ಒಟ್ಟುಗೂಡಿಸಿದ ಪಠ್ಯಗಳ ಸಂಗ್ರಹ). ಫೈಲ್ ಮೆನುವಿನಿಂದ ಅದನ್ನು ತೆರೆದು, ರಾ ಫೈಲ್ಸ್ ಆಯ್ಕೆಯಲ್ಲಿ ಕಡತಗಳನ್ನೋ ಇಡೀ ಫೋಲ್ಡರನ್ನೋ ಸೇರಿಸಿ. ಎನ್‌ಕೋಡಿಂಗ್ (ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಬಗೆ) ಯುಟಿಎಫ್-8 ಎಂದೇ ಇರಲಿ. ಟೋಕನ್ ಎಂದರೆ ಉಪಕರಣ ಒಂದು ಪದವೆಂದು ಎಣಿಸುವ ತುಣುಕು. ಟೋಕನ್ ಡೆಫಿನಿಷನ್‌ನಲ್ಲಿ ಲೆಟರ್ ಜೊತೆ ಮಾರ್ಕ್ ವರ್ಗವನ್ನೂ ಸೇರಿಸಿ, ಆಮೇಲೆ ಕ್ರಿಯೇಟ್ ಒತ್ತಿ. ಈ ಕ್ರಮ ಮುಖ್ಯ. ನಾಲ್ಕನೇ ಆವೃತ್ತಿ ಪಠ್ಯವನ್ನು ಮೊದಲೇ ಕತ್ತರಿಸಿ ಡೇಟಾಬೇಸಿನಲ್ಲಿ ಕೂರಿಸಿಬಿಡುತ್ತದೆ. ಆಮೇಲೆ ವ್ಯಾಖ್ಯೆ ಬದಲಿಸಿದರೆ ಹಳೆಯ ಕಾರ್ಪಸ್ ಬದಲಾಗುವುದಿಲ್ಲ, ಹೊಸದಾಗಿ ಕಟ್ಟಬೇಕು. ಅಂಕಿಗಳೂ ಪದವಾಗಿ ಎಣಿಕೆಯಾಗಬೇಕಿದ್ದರೆ ನಂಬರ್ ವರ್ಗವನ್ನೂ ಸೇರಿಸಿ, ಇಲ್ಲದಿದ್ದರೆ ೧೯೫೬ ಆಗಲಿ 1956 ಆಗಲಿ ಎಣಿಕೆಗೆ ಬರುವುದಿಲ್ಲ.

ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಸಾಲು ಸಾಕು. ‘ನಾವು ಕನ್ನಡ ಪುಸ್ತಕ ಓದುತ್ತೇವೆ’ ಎಂದಷ್ಟೇ ಇರುವ ಕಡತದಿಂದ ಕಾರ್ಪಸ್ ಕಟ್ಟಿ ಒಟ್ಟು ಟೋಕನ್ ಸಂಖ್ಯೆ ನೋಡಿ. 4 ಬಂದರೆ ಸರಿ. 11 ಬಂದರೆ ಮಾರ್ಕ್ ವರ್ಗ ಸೇರಿಲ್ಲ. ಲಕ್ಷ ಪದಗಳ ಕಾರ್ಪಸ್ ಕಟ್ಟುವ ಮುನ್ನ ಈ ಎರಡು ನಿಮಿಷದ ಕೆಲಸ ಬಿಡಬಾರದು.

ಎರಡನೆಯ ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ‘ಸಾಫ್ಟ್‌ವೇರ್’ ಎಂದು ಒತ್ತು ಬರದಂತೆ ಬಿಡಿಸಿ ಬರೆಯಲು ಕೀಲಿಮಣೆ ನಡುವೆ ಅಗಲವಿಲ್ಲದ ಒಂದು ಸಂಕೇತವನ್ನು ಇಡುತ್ತದೆ (ಯೂನಿಕೋಡ್ ಸಂಖ್ಯೆ 200ಸಿ). ‘ರ‍್ಯಾಂಕ್’ ಬರೆಯುವಾಗ ಅದರ ಜೋಡಿ 200ಡಿ ಬರುತ್ತದೆ. ಇವೆರಡೂ ಲೆಟರೂ ಅಲ್ಲ, ಮಾರ್ಕೂ ಅಲ್ಲ, ಆದ್ದರಿಂದ ಅಲ್ಲಿ ಪದ ಮತ್ತೆ ಮುರಿಯುತ್ತದೆ. ‘ಸಾಫ್ಟ್’ ಒಂದು ಪದ, ‘ವೇರ್’ ಇನ್ನೊಂದು. ಎರವಲು ಪದಗಳನ್ನೇ ಅಧ್ಯಯನ ಮಾಡುವವರಿಗೆ ಇದು ಸಣ್ಣ ನಷ್ಟವಲ್ಲ; ‘ಫೇಸ್‌ಬುಕ್‌ನಲ್ಲಿ’ ಎಂಬುದು ಮೂರು ಚೂರಾಗುತ್ತದೆ, ಅದರಲ್ಲಿ ‘ನಲ್ಲಿ’ ಎಂಬುದೊಂದು ಸ್ವತಂತ್ರ ಪದವಾಗಿ ಪಟ್ಟಿಯಲ್ಲಿ ಮೇಲೇರುತ್ತದೆ. ಪಟ್ಟಿ ಓದಿದವರಿಗೆ ನೀರಿನ ನಲ್ಲಿಯ ಬಗ್ಗೆ ಇಷ್ಟೊಂದು ಬರೆದಿದ್ದಾರಾ ಎನ್ನಿಸಬೇಕು.

ಸುಲಭದ ದಾರಿ ಎಂದರೆ ಕಾರ್ಪಸ್ ಕಟ್ಟುವ ಮೊದಲೇ ಎಲ್ಲ ಕಡತಗಳಿಂದಲೂ ಈ ಎರಡು ಸಂಕೇತಗಳನ್ನು ತೆಗೆದುಬಿಡುವುದು. ನೋಟ್‌ಪ್ಯಾಡ್++ನಂಥ ಎಡಿಟರ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ (ಅಕ್ಷರವಿನ್ಯಾಸ ಬರೆದು ಹುಡುಕುವ ವಿಧಾನ) ಹುಡುಕಾಟ ಇಟ್ಟುಕೊಂಡು ಫೋಲ್ಡರ್ ಪೂರ್ತಿ ಒಂದೇ ಸಲ ಅಳಿಸಬಹುದು. ತೆಗೆದ ಮೇಲೆ ಆ ಪದ ಒತ್ತಕ್ಷರವಾಗಿ ಕಾಣುತ್ತದೆ, ನೋಡಲು ಚೆನ್ನಾಗಿರುವುದಿಲ್ಲ, ಆದರೆ ಎಣಿಕೆ ಸರಿಯಾಗುತ್ತದೆ. ಮರೆಯಬಾರದ್ದು ಇನ್ನೊಂದಿದೆ: ಹುಡುಕುವ ಪದವನ್ನು ಟೈಪ್ ಮಾಡುವಾಗಲೂ ಕೀಲಿಮಣೆ ಅದೇ ಸಂಕೇತವನ್ನು ಸೇರಿಸುತ್ತದೆ. ಕಾರ್ಪಸಿನಲ್ಲಿ ಇಲ್ಲದ್ದನ್ನು ಹುಡುಕಿದಂತಾಗಿ ಫಲಿತಾಂಶ ಸೊನ್ನೆ. ಪದಪಟ್ಟಿಯಲ್ಲಿರುವ ರೂಪವನ್ನೇ ನಕಲು ಮಾಡಿ ಹುಡುಕುವ ಚೌಕದಲ್ಲಿ ಅಂಟಿಸಿದರೆ ಈ ತಾಪತ್ರಯ ಇಲ್ಲ.

ಮೂರನೆಯದು, ನೋಡಲು ಒಂದೇ ಆಗಿರುವ ಅಕ್ಷರಗಳು. ‘ೋ’ ಗುಣಿತವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ‘ೀ’, ‘ೇ’, ‘ೈ’, ‘ೊ’ಗಳಿಗೂ ಎರಡೆರಡು ದಾರಿಗಳಿವೆ. ಬೇರೆಬೇರೆ ಮೂಲಗಳಿಂದ ಪಠ್ಯ ಕೂಡಿಸಿದಾಗ ‘ಹೋದ’ ಎಂಬುದು ಪಟ್ಟಿಯಲ್ಲಿ ಎರಡು ಕಡೆ, ಎರಡು ಎಣಿಕೆಯೊಂದಿಗೆ ಕಾಣಿಸಿಕೊಂಡರೆ ಬೆರಗಾಗಬೇಡಿ. ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಒಂದಾಗಿ ಬೆಸೆದ ಯೂನಿಕೋಡ್ ರೂಪ) ತರುವುದು ಇದಕ್ಕೆ ಮದ್ದು. ಪೈಥಾನ್ ಗೊತ್ತಿದ್ದರೆ ಒಂದು ಸಾಲಿನ ಕೆಲಸ. ‘ಆಫೀಸು’, ‘ಆಫ಼ೀಸು’ಗಳ ಚುಕ್ಕೆಯ ವ್ಯತ್ಯಾಸ ಮಾತ್ರ ಇದರಿಂದ ಹೋಗುವುದಿಲ್ಲ, ಅದು ನಿಜವಾಗಿಯೂ ಬೇರೆ ಕಾಗುಣಿತ. ಅಂಥಲ್ಲಿ ಎರಡೂ ರೂಪಗಳನ್ನು ನಡುವೆ ನಿಲುಗೆರೆ (|) ಹಾಕಿ ಒಟ್ಟಿಗೆ ಹುಡುಕಬೇಕು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಒಳಗೆ ಬಿಡಲೇಬೇಡಿ. ಪಿಡಿಎಫ್ ಮತ್ತು ವರ್ಡ್ ಕಡತಗಳನ್ನು ಆಂಟ್‌ಕಾಂಕ್ ನೇರವಾಗಿ ಓದುತ್ತದೆ ಎನ್ನುವುದು ನಿಜ. ಆದರೆ ಕನ್ನಡ ಪಿಡಿಎಫ್‌ನಿಂದ ಹೊರಬರುವ ಪಠ್ಯದಲ್ಲಿ ಒತ್ತುಗಳು, ಗುಣಿತಗಳು ಜಾಗ ಬದಲಿಸಿಕೊಂಡಿರುವುದು ಸಾಮಾನ್ಯ. ಮೊದಲ ಪುಟವನ್ನು ಮೂಲದ ಜೊತೆ ಇಟ್ಟು ಓದಿ ನೋಡಿ.

ಇಷ್ಟು ಮುಗಿಸಿದರೆ ಮುಂದಿನ ದಾರಿ ಸಲೀಸು.

ಕಾರ್ಪಸನ್ನು ಒಂದೇ ದೊಡ್ಡ ಕಡತವಾಗಿ ಇಡಬೇಡಿ. ಒಂದು ಲೇಖನಕ್ಕೆ, ಒಬ್ಬ ವಿದ್ಯಾರ್ಥಿಯ ಒಂದು ಪ್ರಬಂಧಕ್ಕೆ ಒಂದು ಕಡತ. ವರ್ಡ್ ಪಟ್ಟಿಯಲ್ಲಿ ಎಣಿಕೆಯ ಪಕ್ಕದಲ್ಲೇ ‘ರೇಂಜ್’ ಎಂಬ ಕಂಬವಿದೆ. ಪದ ಎಷ್ಟು ಕಡತಗಳಲ್ಲಿ ಬಂದಿದೆ ಎಂದು ಅದು ಹೇಳುತ್ತದೆ. 60 ಸಲ ಬಂದ ಪದ 40 ಕಡತಗಳಲ್ಲಿ ಹರಡಿದ್ದರೆ ಅದು ಭಾಷೆಯ ರೂಢಿ. ಒಂದೇ ಕಡತದಲ್ಲಿ 60 ಸಲ ಬಂದಿದ್ದರೆ ಅದು ಒಬ್ಬರ ಚಾಳಿ, ಅಥವಾ ಆ ಲೇಖನದ ವಿಷಯ. ಪಠ್ಯಪುಸ್ತಕಕ್ಕೆ ಪದ ಆರಿಸುವವರು ಎಣಿಕೆಗಿಂತ ಈ ಕಂಬವನ್ನೇ ಮೊದಲು ನೋಡಬೇಕು. ಎರಡು ಕಾರ್ಪಸ್‌ಗಳನ್ನು ಹೋಲಿಸುವಾಗ ಬರಿಯ ಎಣಿಕೆ ಸಾಲದು, ಹತ್ತು ಲಕ್ಷ ಪದಕ್ಕೆ ಎಷ್ಟು ಎಂಬ ಲೆಕ್ಕಕ್ಕೆ ತರಬೇಕು: 80,000 ಪದಗಳಲ್ಲಿ 24 ಸಲ ಬಂದದ್ದು 300 ಆಗುತ್ತದೆ, 3,00,000 ಪದಗಳಲ್ಲಿ 45 ಸಲ ಬಂದದ್ದು 150 ಮಾತ್ರ.

ಉಪಕರಣದ ಜೀವಾಳ ‘ಕ್ವಿಕ್’ (KWIC) ನೋಟ. ಹುಡುಕಿದ ಪದ ನಡುವೆ, ಎಡಬಲಗಳಲ್ಲಿ ಅದರ ಸಂದರ್ಭ, ಹೀಗೆ ಸಾಲಿನ ಕೆಳಗೆ ಸಾಲು. ನಾಲ್ಕನೇ ಆವೃತ್ತಿ ಈ ಸಾಲುಗಳನ್ನು ಅಕಾರಾದಿಯಾಗಿ ಅಲ್ಲ, ಹೆಚ್ಚು ಸಲ ಬರುವ ವಿನ್ಯಾಸ ಮೇಲೆ ಬರುವಂತೆ ಜೋಡಿಸುತ್ತದೆ. ಹಳೆಯ ಆವೃತ್ತಿಯಿಂದ ಬಂದವರಿಗೆ ಮೊದಮೊದಲು ಕಿರಿಕಿರಿ ಎನ್ನಿಸಿದರೂ ಇದೇ ಅದರ ದೊಡ್ಡ ಸುಧಾರಣೆ. ಆದರೆ ಜೋಡಣೆ ತಾನಾಗಿ ನಡೆಯುವುದು ಬಲಗಡೆಯ ಪದಗಳ ಆಧಾರದ ಮೇಲೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ನಂತರ ಕರ್ಮ ಬರುವುದರಿಂದ ಅಲ್ಲಿ ಅದು ಸರಿ. ಕನ್ನಡದಲ್ಲಿ ಕ್ರಿಯಾಪದವೂ ‘ಬಗ್ಗೆ’, ‘ಕುರಿತು’ಗಳಂಥ ಪದಗಳೂ ಕೊನೆಗೆ ಬರುತ್ತವೆ, ನೋಡಬೇಕಾದದ್ದು ಎಡಗಡೆ ಇರುತ್ತದೆ. ಆದ್ದರಿಂದ ಜೋಡಣೆಯನ್ನು ಎಡ 1, ಎಡ 2, ಎಡ 3 ಎಂದು ತಿರುಗಿಸಿ. ‘ಕುರಿತು’ ಎಂದು ಹುಡುಕಿ ಹೀಗೆ ಜೋಡಿಸಿದರೆ ‘ಅದರ ಕುರಿತು’, ‘ಅದನ್ನು ಕುರಿತು’ ಎಂಬ ಎರಡೂ ಬಳಕೆಗಳು ಬೇರೆಬೇರೆ ಗುಂಪಾಗಿ ಕಣ್ಣೆದುರು ನಿಲ್ಲುತ್ತವೆ. ‘ಬಗ್ಗೆ’ಯ ಎಡಕ್ಕೆ ಷಷ್ಠಿಯೇ ತುಂಬಿರುತ್ತದೆ. ‘ಹೆದರು’ ಕ್ರಿಯಾಪದದ ಎಡಕ್ಕೆ ಯಾವ ವಿಭಕ್ತಿ ಎಂದು ಕಲಿಯುವವರು ಕೇಳಿದರೆ ನಿಯಮ ಹೇಳುವುದಕ್ಕಿಂತ ಇಪ್ಪತ್ತು ಸಾಲು ತೆಗೆದು ಕೈಗೆ ಕೊಟ್ಟು ಅವರಿಂದಲೇ ಹೇಳಿಸಬಹುದು. ತರಗತಿಗೆ ಸಾಲುಗಳನ್ನು ಕೊಡುವಾಗ ಮಧ್ಯದ ಪದ ಅಳಿಸಿ ಖಾಲಿ ಬಿಟ್ಟರೆ ಅದೇ ಒಂದು ಅಭ್ಯಾಸವಾಗುತ್ತದೆ. ಆದರೆ ಕ್ಲಿಷ್ಟ ಸಾಲುಗಳನ್ನು ಮೊದಲೇ ಕಿತ್ತುಹಾಕಿ. ಕಚ್ಚಾ ಫಲಿತಾಂಶವನ್ನು ಹಾಗೇ ಹಂಚಿದರೆ ಮಕ್ಕಳು ಎರಡನೇ ಸಾಲಿಗೇ ಕೈಬಿಡುತ್ತಾರೆ.

ನಕ್ಷತ್ರ ಚಿಹ್ನೆಯ (*, ಅಂದರೆ ‘ಇಲ್ಲಿ ಏನಿದ್ದರೂ ಸರಿ’) ಹುಡುಕಾಟದಲ್ಲಿ ಕನ್ನಡದ ಸ್ವಭಾವ ತಿಳಿದು ನಡೆಯಬೇಕು. ‘ಊರು*’ ಎಂದರೆ ‘ಊರಿಗೆ’, ‘ಊರಿನಲ್ಲಿ’ ಸಿಗುವುದಿಲ್ಲ, ‘ಊರ*’ ಎಂದರೆ ಎಲ್ಲವೂ ಸಿಗುತ್ತವೆ. ಗುಣಿತ ಪ್ರತ್ಯೇಕ ಸಂಕೇತವಾಗಿರುವುದರ ಲಾಭ ಇದು. ಅದೇ ಕಾರಣಕ್ಕೆ ‘ಮರ*’ ಎಂದಾಗ ಮರ, ಮರದ, ಮರಕ್ಕೆ ಮಾತ್ರವಲ್ಲ, ಮರಣ, ಮರಳು, ಮರಿ, ಮರೆವು ಎಲ್ಲವೂ ಬಂದು ಕೂರುತ್ತವೆ. ಸಪ್ತಮಿಯನ್ನು ಹಿಡಿಯಲು ‘*ಲ್ಲಿ’ ಹಾಕಿದರೆ ಅಲ್ಲಿ, ಇಲ್ಲಿಗಳ ಜೊತೆ ಗೋಡೆಯ ಹಲ್ಲಿಯೂ ಬರುತ್ತದೆ. ‘*ಗೆ’ ಹಾಕಿದರೆ ಹೇಗೆ, ಹಾಗೆ, ನಗೆ, ಹೊಗೆ. ಇದರಿಂದ ಬಂದ ಎಣಿಕೆಯನ್ನು ಕಣ್ಣಾಡಿಸದೆ ಪ್ರಬಂಧಕ್ಕೆ ಇಳಿಸುವುದು ಅಪಾಯ.

ಪ್ರತ್ಯಯ ಹತ್ತಿದ ಪ್ರತಿ ರೂಪವೂ ಬೇರೆ ಪದ ಎಂದು ಎಣಿಕೆಯಾಗುತ್ತದೆ. ಹಾಗಾಗಿ ಭಿನ್ನ ಪದಗಳ ಪ್ರಮಾಣ ಕನ್ನಡದಲ್ಲಿ ಇಂಗ್ಲಿಷಿಗಿಂತ ಬಹಳ ಹೆಚ್ಚಾಗಿ ಕಾಣುತ್ತದೆ; ಎರಡನ್ನೂ ಹೋಲಿಸಿ ಪದಸಂಪತ್ತಿನ ಬಗ್ಗೆ ಮಾತಾಡುವುದು ಸರಿಯಲ್ಲ. ಮೂಲರೂಪಗಳ ಪಟ್ಟಿ ಕೊಟ್ಟರೆ ಆಂಟ್‌ಕಾಂಕ್ ಅದರಂತೆ ರೂಪಗಳನ್ನು ಕೂಡಿಸುತ್ತದೆ, ಆದರೆ ಕನ್ನಡದ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು. ಎಲ್ಲ ಪದಗಳಿಗೂ ಬೇಡ, ಅಧ್ಯಯನಕ್ಕೆ ಬೇಕಾದ ಮೂವತ್ತು ನಲವತ್ತು ಪದಗಳಿಗೆ ಮಾಡಿದರೂ ನಡೆಯುತ್ತದೆ.

ಕೊಲೊಕೇಟ್ ಅಂದರೆ ನೆರೆಪದಗಳ ವಿಭಾಗದಲ್ಲಿ ಅಳತೆಗೋಲು ಆರಿಸುವಾಗ ಎಚ್ಚರ. ಮ್ಯೂಚುವಲ್ ಇನ್ಫರ್ಮೇಷನ್ ಎಂಬ ಅಳತೆ ವಿರಳ ಪದಗಳನ್ನು ತಲೆಯ ಮೇಲೆ ಕೂರಿಸುತ್ತದೆ: ಕಾರ್ಪಸಿನಲ್ಲಿ ಒಂದೇ ಸಲ ಬಂದು, ಆ ಒಂದು ಸಲ ನಮ್ಮ ಪದದ ಪಕ್ಕ ಇದ್ದರೆ ಸಾಕು, ಅದು ಪಟ್ಟಿಯ ಮೊದಲಿಗೆ ಬರುತ್ತದೆ. ಕನಿಷ್ಠ ಎಣಿಕೆಯನ್ನು 5ಕ್ಕೆ ಏರಿಸಿ, ಅಥವಾ ಲಾಗ್ ಲೈಕ್ಲಿಹುಡ್ ಎಂಬ ಇನ್ನೊಂದು ಅಳತೆ ಬಳಸಿ. ಒಂದು ಕಾರ್ಪಸನ್ನು ಇನ್ನೊಂದಕ್ಕೆ ಹೋಲಿಸಿ ಅದರಲ್ಲಿ ಎದ್ದು ಕಾಣುವ ಪದಗಳನ್ನು ತೋರಿಸುವ ಕೀವರ್ಡ್ ವಿಭಾಗದಲ್ಲೂ ಇದೇ ಅಳತೆ ಸಿಗುತ್ತದೆ, 3.84 ದಾಟಿದರೆ ಶೇ. 5ರ ಮಟ್ಟದಲ್ಲಿ, 10.83 ದಾಟಿದರೆ ಶೇ. 0.1ರ ಮಟ್ಟದಲ್ಲಿ ವ್ಯತ್ಯಾಸ ಅರ್ಥಪೂರ್ಣ ಎಂದು ಲೆಕ್ಕ. ಸಾವಿರಾರು ಪದಗಳನ್ನು ಒಂದೇ ಸಲ ಪರೀಕ್ಷಿಸುವಾಗ 3.84 ತೀರಾ ಸಡಿಲ. ಹೋಲಿಕೆಯ ಕಾರ್ಪಸನ್ನೂ ಇದೇ ಟೋಕನ್ ವ್ಯಾಖ್ಯೆಯಲ್ಲಿ ಕಟ್ಟಿರಲೇಬೇಕು, ಇಲ್ಲವಾದರೆ ಎರಡೂ ಪಟ್ಟಿಗಳಿಗೆ ಸಂಬಂಧವೇ ಇರುವುದಿಲ್ಲ.

ಪಠ್ಯ ಎಲ್ಲಿಂದ ತರುವುದು? ಕನ್ನಡ ವಿಕಿಪೀಡಿಯ, ವಿಕಿಸೋರ್ಸ್‌ಗಳ ಡಂಪ್ (ಇಡೀ ತಾಣದ ಪಠ್ಯ ತುಂಬಿದ ಕಡತ) ಮುಕ್ತವಾಗಿ ಸಿಗುತ್ತದೆ. ವಿಕಿ ಗುರುತುಗಳನ್ನು, ಟೆಂಪ್ಲೇಟ್‌ಗಳನ್ನು ತೊಳೆಯಬೇಕು. ಅನುವಾದಿತ ಲೇಖನಗಳು ಹೆಚ್ಚಿರುವುದರಿಂದ ಅದೇ ‘ಸಹಜ ಕನ್ನಡ’ ಎಂದು ಹೊರಡಬಾರದು.

ಬದಲಿಗಳ ಬಗ್ಗೆ ಚುಟುಕಾಗಿ: ಸ್ಕೆಚ್ ಎಂಜಿನ್‌ನಲ್ಲಿ ಸಿದ್ಧ ಕಾರ್ಪಸ್‌ಗಳಿವೆ, ಆದರೆ ಚಂದಾ ಕಟ್ಟಬೇಕು. ವರ್ಡ್‌ಸ್ಮಿತ್ ಹಣ ಕೊಟ್ಟು ಕೊಳ್ಳುವಂಥದ್ದು, ವಿಂಡೋಸ್‌ಗೆ ಮಾತ್ರ. ಸಮಾನಾಂತರ ಅನುವಾದಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದರೆ ಅದೇ ಮನೆಯ ಆಂಟ್‌ಪಿಕಾಂಕ್ ಇದೆ, ಅದೂ ಉಚಿತ. ನಿಘಂಟು, ಪಠ್ಯಪುಸ್ತಕ, ಭಾಷಾ ತಂತ್ರಜ್ಞಾನದ ದತ್ತಾಂಶದ ಕೆಲಸ ಹುಡುಕುವವರು ಇವುಗಳಲ್ಲಿ ಒಂದನ್ನಾದರೂ ಕೈಯಾಡಿಸಿರಬೇಕು. ಬಿಡಿಕಾಸಿಲ್ಲದೆ ಶುರು ಮಾಡಲು ಆಂಟ್‌ಕಾಂಕ್ ಸಾಕು.

ಫಲಿತಾಂಶ ಉಳಿಸಿದಾಗ ಟ್ಯಾಬ್‌ಗಳಿಂದ ಬೇರ್ಪಟ್ಟ ಪಠ್ಯಕಡತ ಸಿಗುತ್ತದೆ. ಎಕ್ಸೆಲ್‌ನಲ್ಲಿ ಅದರ ಮೇಲೆ ಎರಡು ಸಲ ಒತ್ತಿ ತೆರೆದರೆ ಕನ್ನಡ ಚಿತ್ರವಿಚಿತ್ರವಾಗಿ ಕಾಣಬಹುದು. ಡೇಟಾ ಮೆನುವಿನಿಂದ ಯುಟಿಎಫ್-8 ಎಂದು ಹೇಳಿ ಆಮದು ಮಾಡಿಕೊಳ್ಳಿ. ಪ್ರಬಂಧದಲ್ಲಿ ಆಂಟ್‌ಕಾಂಕ್ ಬಳಸಿದ್ದೇವೆ ಎಂದಷ್ಟೇ ಬರೆಯುವವರು ಬಹಳ. ಆವೃತ್ತಿಯ ಪೂರ್ಣ ಸಂಖ್ಯೆ, ಟೋಕನ್ ವ್ಯಾಖ್ಯೆಯಲ್ಲಿ ಸೇರಿಸಿದ ವರ್ಗಗಳು, ಅಳಿಸಿದ ಸಂಕೇತಗಳು ಈ ಮೂರನ್ನೂ ಬರೆದಿಡಿ; ಇವಿಲ್ಲದೆ ಅದೇ ಪಠ್ಯದಿಂದ ಅದೇ ಅಂಕಿಯನ್ನು ಇನ್ನೊಬ್ಬರು ತೆಗೆಯಲಾರರು.